ಹಿಂದಿನ ಸೀಟಿನ ಮಾತು ಕೇಳಿಸಿಕೊಳ್ಳದ ಚಾಲಕಿ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಬ್ರಾಕ್ಸ್‌ಟನ್ ಊರ ಹೆದ್ದಾರಿ ಬದಿಯ ಹೋಟೆಲಿನ ಮುಂದೆ ಬಿಳಿ ವ್ಯಾನೊಂದು ನಿಂತಿದೆ. ವರ್ನೆಟ್ ಹೋಲ್ಕಂಬ್ ಅದಕ್ಕೆ ಒಂದು ಸುತ್ತು ಬಂದು ನಾಲ್ಕೂ ಚಕ್ರಗಳನ್ನು ಬೂಟಿನ ತುದಿಯಿಂದ ಒತ್ತಿ ನೋಡುತ್ತಾರೆ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ ಕಾಲಿಗೆ ಅಂಟಿದ ಅಭ್ಯಾಸ ಅದು.

ಹೋಟೆಲಿನಿಂದ ಮೂವರು ಹೊರಬರುತ್ತಾರೆ: ಆರಡಿ ಮೀರಿದ ಹುಡುಗಿ, ಅವಳ ಅಪ್ಪ, ಅಜ್ಜಿ. ಹುಡುಗಿ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ. ಇಲ್ಲಿನ ವಿಶ್ವವಿದ್ಯಾಲಯದ ತಂಡ ಅವಳನ್ನು ಎರಡು ದಿನದ ಮಟ್ಟಿಗೆ ಕರೆಸಿಕೊಂಡಿತ್ತು. ಈಗ ಅವರನ್ನು ನೂರ ಹದಿನೆಂಟು ಮೈಲಿ ದೂರದ ವಿಮಾನ ನಿಲ್ದಾಣಕ್ಕೆ ತಲುಪಿಸಬೇಕು.

"ಕಂದಾ, ನೀನು ಬಾಗಿಲ ಹತ್ರ ಕೂತ್ಕೋ. ಅಲ್ಲಿ ಕಾಲು ಚಾಚೋಕೆ ಜಾಗ ಇದೆ," ಎನ್ನುತ್ತಾರೆ ವರ್ನೆಟ್.

ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡುತ್ತಾರೆ. "ನೀವೇ ಓಡಿಸ್ತೀರಾ? ಈ ವಯಸ್ಸಲ್ಲಿ?"

"ನಿಮ್ಮ ವಯಸ್ಸೆಷ್ಟಮ್ಮಾ?"

"ಅರವತ್ತೊಂಬತ್ತು."

"ನಂಗೆ ಅರವತ್ತೇಳು. ನಿಮಗಿಂತ ಚಿಕ್ಕವಳು ಓಡಿಸ್ತಿದ್ದಾಳೆ ಅಂತ ಧೈರ್ಯವಾಗಿ ಕೂತ್ಕೊಳ್ಳಿ."

ಅಜ್ಜಿ ನಗುತ್ತಲೇ ಹತ್ತುತ್ತಾರೆ. ಊರು ದಾಟಿ ಹೆದ್ದಾರಿ ಸೇರಿದ ಕೂಡಲೇ ಅಪ್ಪ ಗಂಟಲು ಸರಿಮಾಡಿಕೊಂಡು, "ಅವರು ನಿನ್ನೆ ಹೇಳಿದ ಆ ಮೊತ್ತ..." ಎಂದು ಶುರುಮಾಡುತ್ತಾರೆ. ವರ್ನೆಟ್ ಕೈ ರೇಡಿಯೋಗೆ ಹೋಗುತ್ತದೆ. ಯಾರೋ ಒಬ್ಬರು ನಿದ್ದೆಗಣ್ಣಿನ ದನಿಯಲ್ಲಿ ಹೋರಿಕರು, ಗೋಧಿ, ಸೋಯಾಗಳ ಮಾರುಕಟ್ಟೆ ಬೆಲೆ ಓದುತ್ತಿದ್ದಾರೆ. ವರ್ನೆಟ್ ರೇಡಿಯೋದ ದನಿ ಏರಿಸುತ್ತಾರೆ, ಇನ್ನೂ ಸ್ವಲ್ಪ ಏರಿಸುತ್ತಾರೆ. ಅಪ್ಪ ಒಂದು ಕ್ಷಣ ಗಲಿಬಿಲಿಗೊಂಡು, ಆಮೇಲೆ ಅರ್ಥವಾದವರಂತೆ ಮಗಳ ಕಡೆ ಬಾಗಿ ಮಾತು ಮುಂದುವರಿಸುತ್ತಾರೆ. ಮುಂದಿನ ಸೀಟಿಗೆ ಒಂದು ಪದವೂ ಕೇಳಿಸುವುದಿಲ್ಲ.

"ಹಿಂದಿನ ಸೀಟಲ್ಲಿ ಏನು ಕೇಳಿಸಿದ್ರೂ ನೀವು ಬರೆಯೋ ಹಾಗಿಲ್ಲ," ಎಂದು ವ್ಯಾನು ಹತ್ತುವ ಮೊದಲೇ ವರ್ನೆಟ್, ಮುಂದಿನ ಸೀಟಿನಲ್ಲಿ ಜೊತೆಗೆ ಬಂದ ಈ ವರದಿಗಾರರಿಗೆ ಕರಾರು ಹಾಕಿದ್ದರು. ಮೊತ್ತದ ಬಗ್ಗೆ ಅಪ್ಪ ಆಡಿದ ಆ ಅರ್ಧ ವಾಕ್ಯವನ್ನು ಬರೆಯಲು ಮೂವರನ್ನೂ ಪ್ರತ್ಯೇಕವಾಗಿ ಕೇಳಿ ಒಪ್ಪಿಗೆ ಪಡೆದಿದ್ದಾಗಿದೆ.

ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸುವ ಜಾಹೀರಾತುಗಳಿಂದ ಹಣ ಪಡೆಯಬಹುದು ಎಂದಾದಮೇಲೆ ಬ್ರಾಕ್ಸ್‌ಟನ್ ಜನ ಅದಕ್ಕೆ 'ಮುಖದ ದುಡ್ಡು' ಎಂದು ಹೆಸರಿಟ್ಟರು. ಮೊದಲು ಊರಿನ ಕಾರು ಮಾರಾಟಗಾರರು, ಪಿಜ್ಜಾ ಅಂಗಡಿಯವರು ಕೊಡುತ್ತಿದ್ದರು. ಆಮೇಲೆ ಅಭಿಮಾನಿಗಳು ಸೇರಿ ನಿಧಿ ಮಾಡಿದರು. ಈಗ ವಿಶ್ವವಿದ್ಯಾಲಯವೂ ತನ್ನ ಕೈಯಿಂದ ಕೊಡುತ್ತದೆ. ಎಲ್ಲಿಂದ ಬಂದರೂ ಊರ ಬಾಯಲ್ಲಿ ಅದು ಮುಖದ ದುಡ್ಡೇ.

ವರ್ನೆಟ್ ಈ ಕೆಲಸಕ್ಕೆ ಬಂದು ಹನ್ನೆರಡು ವರ್ಷ. ಗಂಟೆಗೆ ಹದಿನೇಳು ಡಾಲರ್. ಮೊದಮೊದಲು ವಸಂತ ಕಾಲದಲ್ಲಿ ಹತ್ತು ಹನ್ನೆರಡು ಸಲ ನಿಲ್ದಾಣಕ್ಕೆ ಹೋಗಿಬಂದರೆ ಮುಗಿಯುತ್ತಿತ್ತು. ಕಳೆದ ವಸಂತದಲ್ಲಿ ನಲವತ್ತೊಂದು ಕುಟುಂಬಗಳನ್ನು ಕರೆತಂದು ಬಿಟ್ಟುಬಂದಿದ್ದಾರೆ. ಆಟಗಾರರು ವರ್ಷ ಮುಗಿಯುತ್ತಲೇ ಕಾಲೇಜು ಬದಲಾಯಿಸುತ್ತಾರೆ. ಬದಲಾಯಿಸಲು ಸಿಗುವುದು ಕೆಲವೇ ದಿನ. ಹಿಂದೆ ತರಬೇತುದಾರರು ಒಬ್ಬ ಹುಡುಗಿಗಾಗಿ ಎರಡು ವರ್ಷ ಅವಳ ಮನೆಗೆ ಎಡತಾಕುತ್ತಿದ್ದರು, ಅಜ್ಜಿ ಮಾಡಿದ ಕಡುಬನ್ನು ಹೊಗಳುತ್ತಿದ್ದರು. ಈಗ ಹುಡುಗಿ ಶುಕ್ರವಾರ ಬಂದು ಭಾನುವಾರ ಹೊರಡುತ್ತಾಳೆ. ಮಂಗಳವಾರದ ಹೊತ್ತಿಗೆ ಸಹಿ ಬಿದ್ದಿರುತ್ತದೆ, ಇಲ್ಲಿ ಅಥವಾ ಇನ್ನೆಲ್ಲೋ.

ಆ ಎರಡು ದಿನ ಕುಟುಂಬದ ಜೊತೆ ಯಾರಾದರೊಬ್ಬರು ಅಂಟಿಕೊಂಡೇ ಇರುತ್ತಾರೆ. ತರಬೇತುದಾರರು, ತಂಡದ ಹುಡುಗಿಯರು, ಫೋಟೋ ತೆಗೆಯುವವರು. ಮನೆಯವರು ತಮ್ಮ ತಮ್ಮೊಳಗೆ ಮಾತಾಡಲು ಸಿಗುವ ಮೊದಲ ಜಾಗ ಹಿಂದಿರುಗುವ ವ್ಯಾನು.

"ದಾರೀಲಿ ಜಗಳ ಆಡಿದ್ರೆ ಈ ತಂಡಕ್ಕೆ ಬರ್ತಾರೆ," ಎನ್ನುತ್ತಾರೆ ವರ್ನೆಟ್. "ತರಬೇತುದಾರರು ಎಷ್ಟು ಒಳ್ಳೆಯವ್ರು, ಕಟ್ಟಡ ಎಷ್ಟು ಚೆಂದ ಅಂತ ಹೊಗಳ್ತಾ ಕೂತ್ರೆ ಬರಲ್ಲ. ಜಗಳ ಅಂತ ಗೊತ್ತಾಗೋಕೆ ಮಾತು ಕೇಳಿಸ್ಬೇಕಾಗಿಲ್ಲ. ಕನ್ನಡೀಲಿ ಕೈಗಳು ಕಾಣ್ತವಲ್ಲ."

ದುಡ್ಡು ಬಂದ ಮೇಲೆ ಜನ ಕೆಟ್ಟರೇ? ಊರಲ್ಲಿ ಹಲವರು ಹಾಗೇ ಹೇಳುತ್ತಾರೆ. ವರ್ನೆಟ್ ಒಪ್ಪುವುದಿಲ್ಲ. "ಮುಂಚೆ ತಾಯಂದಿರು ನನ್ನ ಕೇಳ್ತಿದ್ರು, ಇವಳಿಗೆ ಜ್ವರ ಬಂದ್ರೆ ಯಾರು ನೋಡ್ಕೋತಾರೆ ಅಂತ. ಈಗ ಕೇಳ್ತಾರೆ, ದುಡ್ಡು ತಿಂಗಳಿಗೆ ಬರುತ್ತಾ, ವರ್ಷಕ್ಕೊಂದ್ ಸಲ ಬರುತ್ತಾ ಅಂತ. ಎರಡೂ ಭಯಾನೇ ಅಲ್ವಾ?"

ಅವರ ಅಕ್ಕನ ಮಗಳು ಕೊರಿನ್ ಇದೇ ತಂಡಕ್ಕೆ ಆಡಿದವರು, ತೊಂಬತ್ತರ ದಶಕದಲ್ಲಿ. ಬ್ಯಾಂಕಿನ ಕ್ಯಾಲೆಂಡರಿನಲ್ಲಿ, ಹೆದ್ದಾರಿಯ ಫಲಕದಲ್ಲಿ ಒಂದಿಡೀ ವರ್ಷ ಕೊರಿನ್ ಮುಖ ಇತ್ತು. ಎರಡನೇ ವರ್ಷ ಮೊಣಕಾಲಿನ ಲಿಗಮೆಂಟ್ ಹರಿಯಿತು. ಆಗ ವಿದ್ಯಾರ್ಥಿವೇತನ ಒಂದೊಂದೇ ವರ್ಷದ್ದು, ಮರುವರ್ಷ ಸಿಗಲಿಲ್ಲ. ಈಗ ಅವರು ಊರ ಧಾನ್ಯದ ಗೋದಾಮಿನಲ್ಲಿ ಲಾರಿಗಳ ತೂಕ ಬರೆಯುತ್ತಾರೆ. "ಅವಳ ಮುಖಕ್ಕೂ ದುಡ್ಡು ಬರ್ತಿತ್ತು. ಅವಳಿಗೆ ಬರ್ತಿರ್ಲಿಲ್ಲ, ಅಷ್ಟೇ," ಎನ್ನುತ್ತಾರೆ ವರ್ನೆಟ್. "ಅದಕ್ಕೇ ಹೇಳೋದು, ಕೊಡ್ಲಿ ಬಿಡಿ."

ಕಳೆದ ಏಪ್ರಿಲ್‌ನಲ್ಲಿ ಅವರ ಕೆಲಸಕ್ಕೇ ಕುತ್ತು ಬಂತು.

ಆಟಗಾರರಿಗೆ ಕೊಡುವ ಹಣ ಹೊಂದಿಸಲು ಕ್ರೀಡಾ ವಿಭಾಗ ಹನ್ನೊಂದು ಹುದ್ದೆ ಕಡಿಮೆ ಮಾಡುವುದೆಂದು ತೀರ್ಮಾನವಾಯಿತು. ಯಾವ ಹನ್ನೊಂದು ಎಂಬುದು ಜೂನ್‌ನಲ್ಲಿ ಗೊತ್ತಾಗಬೇಕಿತ್ತು. ಅದೇ ಹೊತ್ತಿಗೆ ಬ್ರೇಡನ್ ಶುಲ್ಟ್ಸ್ ಎಂಬ ಇಪ್ಪತ್ತೊಂಬತ್ತರ ಯುವಕ ತಂಡದ ಜನರಲ್ ಮ್ಯಾನೇಜರ್ ಆಗಿ ಬಂದಿದ್ದರು. ಐದು ವರ್ಷದ ಹಿಂದೆ ಇಲ್ಲಿ ಇರದಿದ್ದ ಹುದ್ದೆ ಅದು. ಯಾವ ಆಟಗಾರ್ತಿಗೆ ಎಷ್ಟು ಕೊಡಬೇಕೆಂದು ಗೊತ್ತುಮಾಡುವುದೇ ಅವರ ಕೆಲಸ.

"ವರ್ನೆಟ್, ದಾರೀಲಿ ಸ್ವಲ್ಪ ಕಿವಿ ಕೊಡಿ," ಎಂದು ಅವರು ಬಂದ ವಾರವೇ ಹೇಳಿದರು. "ಬೇರೆ ಕಾಲೇಜಿನವ್ರು ಎಷ್ಟು ಹೇಳಿದ್ದಾರೆ, ಇವರು ಎಷ್ಟಕ್ಕೆ ಒಪ್ತಾರೆ, ಇಷ್ಟೇ. ಎಲ್ಲ ಕಡೆ ಹೀಗೇ ನಡೆಯೋದು."

"ನಂಗೆ ಕಿವಿ ಮಂದ," ಎಂದರು ವರ್ನೆಟ್.

ಈ ಭಾಗವನ್ನು ಬ್ರೇಡನ್ ಅವರಿಗೆ ಓದಿ ಹೇಳಿದಾಗ ಅವರು ಅಲ್ಲಗಳೆಯಲಿಲ್ಲ. ತಮ್ಮ ಹೆಸರು ಹಾಕಬಹುದು ಎಂದೂ ಹೇಳಿದರು.

ಆ ಶುಕ್ರವಾರ ಓಹಾಯೋದಿಂದ ಜಾಲೀಸಾ ಮ್ಯಾಬ್ರಿ ಎಂಬ ಆಟಗಾರ್ತಿ ಮತ್ತು ಅವಳ ತಾಯಿ ಟೊನೆಟ್ ಬರುವವರಿದ್ದರು. ಟೊನೆಟ್ ಡಯಾಲಿಸಿಸ್ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಾರೆ. ಅವರನ್ನು ಎದುರುಗೊಳ್ಳಲು ಬ್ರೇಡನ್ ತಾವೇ ವ್ಯಾನು ಹತ್ತಿದರು, ಹೋಗುತ್ತ ರೇಡಿಯೋ ಆರಿಸಿ ತರಬೇತುದಾರರಿಗೆ ಫೋನು ಮಾಡಿದರು. ಈ ಹುಡುಗಿಗೆ ಎಷ್ಟರವರೆಗೆ ಕೊಡಬಹುದು ಎಂಬ ಅಂಕಿ ವರ್ನೆಟ್ ಪಕ್ಕದಲ್ಲೇ ಅವರ ಬಾಯಿಂದ ಬಂತು.

ಭಾನುವಾರ ಬೆಳಿಗ್ಗೆ ತಾಯಿ ಮಗಳು ಹೊರಟರು. ಅಣೆಕಟ್ಟಿನ ಪಕ್ಕದ ಕಣಿವೆಯಲ್ಲಿ ಹನ್ನೊಂದು ಮೈಲಿ ರೇಡಿಯೋ ಸಿಗುವುದಿಲ್ಲ. ಪ್ರತಿ ಸಲ ಅಲ್ಲಿಗೆ ಬರುವ ಹೊತ್ತಿಗೆ ವರ್ನೆಟ್ ಹಾಡಿನ ಸಿ.ಡಿ. ಹಾಕುತ್ತಾರೆ. ಅಂದು ಸಿ.ಡಿ. ಮನೆಯಲ್ಲಿ ಉಳಿದಿತ್ತು. ಎಷ್ಟು ಸಿಕ್ಕರೆ ಸಾಕೆಂದು ತಾಯಿ ಮಗಳಿಗೆ ಹೇಳಿದ ಅಂಕಿ ಸ್ಪಷ್ಟವಾಗಿ ಕೇಳಿಸಿತು.

ಆ ಅಂಕಿಗಳನ್ನು ವರ್ನೆಟ್ ಇವತ್ತಿಗೂ ಹೇಳಿಲ್ಲ. ಈ ಬರಹಕ್ಕೆ ಒಂದು ಟೊನೆಟ್ ಅವರಿಂದ, ಇನ್ನೊಂದು ಬ್ರೇಡನ್ ಅವರಿಂದ ಸಿಕ್ಕಿದ್ದು. ಕಾಲೇಜು ವರ್ಷಕ್ಕೆ ನಲವತ್ತು ಸಾವಿರ ಡಾಲರ್‌ವರೆಗೆ ಹೋಗಲು ತಯಾರಿತ್ತು. ಇಲ್ಲಿನ ನರ್ಸಿಂಗ್ ಕೋರ್ಸು ಹಿಡಿಸಿದ್ದ ತಾಯಿ ಮೂವತ್ತೆರಡು ಸಾವಿರಕ್ಕೂ ಸಹಿ ಹಾಕಲು ತಯಾರಿದ್ದರು. ಎರಡೂ ಗೊತ್ತಿದ್ದವರು ಇಡೀ ಊರಿನಲ್ಲಿ ವ್ಯಾನು ಓಡಿಸುತ್ತಿದ್ದ ಹೆಂಗಸೊಬ್ಬರೇ.

ನಿಲ್ದಾಣದಲ್ಲಿ ಚೀಲ ಇಳಿಸುತ್ತ ವರ್ನೆಟ್ ಹೇಳಿಯೇಬಿಟ್ಟರು: "ಅಮ್ಮಾ, ಕಣಿವೇಲಿ ರೇಡಿಯೋ ಹೋಗಿತ್ತು. ನೀವು ಹೇಳಿದ್ದು ನನ್ನ ಕಿವಿಗೆ ಬಿತ್ತು. ಅದು ಅಲ್ಲೇ ಇರುತ್ತೆ, ಯಾರಿಗೂ ಹೋಗಲ್ಲ."

ಮುಂದಿನದನ್ನು ಟೊನೆಟ್ ಫೋನಿನಲ್ಲಿ ನಗುತ್ತ ಹೇಳುತ್ತಾರೆ. "ಮೊದ್ಲು ಎದೆ ಧಸಕ್ ಅಂತು. ಆಮೇಲೆ ತಲೆ ಓಡ್ತು. ಹಾಗಾದ್ರೆ ಅವರದ್ದು ಎಷ್ಟು ಅಂತಾನೂ ನಿಮಗೆ ಗೊತ್ತಿರ್ಬೇಕಲ್ಲ, ನೀವೂ ಹೆಣ್ಣು ಹೆತ್ತವ್ರು, ಹೇಳಿ ಅಂದೆ. 'ಹೆತ್ತಿದ್ದೀನಿ, ಗೊತ್ತಿದೆ, ಹೇಳಲ್ಲ' ಅಂದ್ರು. ಮೂರೇ ಮಾತು! ಎಂಥಾ ಸಿಟ್ಟು ಬಂತು ಅಂತೀರಾ. ಚೀಲ ಕಿತ್ಕೊಂಡು ಹೊರಟೆ. ಹಿಂದೇನೇ ಓಡಿಬಂದ್ರು."

ಓಡಿಬಂದು ವರ್ನೆಟ್ ಹೇಳಿದ್ದಿಷ್ಟು: "ಎಷ್ಟು ಕೊಡ್ತೀರಿ ಅನ್ನೋದು ಆಮೇಲೆ ಕೇಳಿ. ಹುಡುಗಿ ಕಾಲು ಮುರ್ಕೊಂಡ್ರೆ ದುಡ್ಡು ನಿಲ್ಲುತ್ತಾ ಅಂತ ಮೊದ್ಲು ಕೇಳಿ. ಉತ್ತರಾನ ಬಾಯಲ್ಲಿ ತಗೋಬೇಡಿ, ಕಾಗದದ ಮೇಲೆ ತಗೊಳ್ಳಿ."

ಮರುದಿನ ಬ್ರೇಡನ್ ಫೋನು ಬಂತು.

"ಮ್ಯಾಬ್ರಿ ತಾಯಿ ಏನಾದ್ರೂ ಅಂದ್ರಾ?"

"ಹೋರಿಕರು ಬೆಲೆ ಏರಿದೆ."

"ತಮಾಷೆ ಬೇಡ ವರ್ನೆಟ್."

"ತಮಾಷೆ ಅಲ್ಲಪ್ಪ. ನೂರಕ್ಕೆ ಮೂರು ಏರಿದೆ."

"ನೋಡಿ, ಇಲ್ಲೊಂದಷ್ಟು ಸಾವಿರ ಉಳಿದ್ರೆ ಯಾರದ್ದಾದ್ರೂ ಕೆಲಸ ಉಳಿಯುತ್ತೆ. ನಿಮ್ಮದೇ ಇರಬಹುದು."

ಗಂಡ ತೀರಿಕೊಂಡ ಮೇಲೆ ವರ್ನೆಟ್ ಮನೆ ನಡೆಯುವುದು ಪಿಂಚಣಿ ಮತ್ತು ಈ ವ್ಯಾನಿನಿಂದ. ಆದರೂ ತಿರುಗಿ ಫೋನು ಮಾಡಲಿಲ್ಲ.

ಅವರನ್ನು ಕೇಳಲೇಬೇಕಾದ ಪ್ರಶ್ನೆ ಒಂದಿತ್ತು; ಕೇಳಲು ಸಂಕೋಚವೂ ಇತ್ತು. ವಿಶ್ವವಿದ್ಯಾಲಯದ ಕೈಯಲ್ಲಿ ವಕೀಲರಿದ್ದಾರೆ, ಲೆಕ್ಕಿಗರಿದ್ದಾರೆ. ಟೊನೆಟ್ ಒಂಟಿ ತಾಯಿ. ಇಬ್ಬರ ಗುಟ್ಟನ್ನೂ ಸಮನಾಗಿ ಕಾಪಾಡಿದ್ದು ನ್ಯಾಯವೇ?

"ನಂಗೂ ಗೊತ್ತಿಲ್ಲ," ಎನ್ನುತ್ತಾರೆ ವರ್ನೆಟ್. "ಆವತ್ತಿಂದ ಯೋಚನೆ ಮಾಡ್ತಾನೇ ಇದ್ದೀನಿ. ಆದ್ರೆ ಇವತ್ತು ಒಬ್ಬ ತಾಯಿಗೆ ಅವರ ಅಂಕಿ ಹೇಳಿದ್ರೆ, ನಾಳೆ ಅವರಿಗೆ ಇನ್ನೊಬ್ಬ ತಾಯಿ ಅಂಕಿ ಹೇಳಲ್ಲ ಅಂತ ಯಾರು ನಂಬ್ತಾರೆ? ಅದಕ್ಕೇ ಅಂಕಿ ಬಿಟ್ಟು ಕಾಲಿನ ವಿಷಯ ಹೇಳ್ದೆ. ಅದು ಗುಟ್ಟಲ್ಲ. ಕೊರಿನ್ ನಡೆಯೋದು ನೋಡಿದ್ರೆ ಊರಿಗೆಲ್ಲ ಗೊತ್ತಾಗುತ್ತೆ."

ಟೊನೆಟ್ ಆ ಪ್ರಶ್ನೆ ಕೇಳಿದರು. ಗಾಯವಾದರೆ ಹಣ ನಿಲ್ಲುತ್ತದೆ ಎಂಬ ಸಾಲು ಕರಾರಿನಲ್ಲಿ ಇತ್ತು. ಒಂದು ವಾರ ಎಳೆದಾಟ ನಡೆದು ಆ ಸಾಲು ಹೋಯಿತು. ಜಾಲೀಸಾ ಮೂವತ್ತಾರು ಸಾವಿರಕ್ಕೆ ಸಹಿ ಹಾಕಿದಳು. ವಿಷಯ ಅಲ್ಲಿಗೆ ಮುಗಿಯಲಿಲ್ಲ. ಮೇ ತಿಂಗಳ ಹೊತ್ತಿಗೆ ಒಂಬತ್ತು ಕುಟುಂಬಗಳು ಮೇಜಿನ ಮುಂದೆ ಕೂತು ಮೊದಲು ಕಾಲಿನ ಪ್ರಶ್ನೆಯನ್ನೇ ಕೇಳಿದವು. ಒಂಬತ್ತೂ ಬೇರೆ ಬೇರೆ ಊರಿನವು, ಒಬ್ಬರಿಗೊಬ್ಬರ ಗುರುತಿಲ್ಲ. ಎಲ್ಲರೂ ಬಂದಿದ್ದು ಒಂದೇ ವ್ಯಾನಿನಲ್ಲಿ ಎಂದು ಬ್ರೇಡನ್‌ಗೆ ಹೊಳೆಯಲು ತಡವಾಗಲಿಲ್ಲ.

ಜೂನ್ ಮೊದಲ ವಾರ ಅವರು ವರ್ನೆಟ್‌ಗೆ ಕಚೇರಿಗೆ ಬರಹೇಳಿದರು. ವಿಮಾನ ನಿಲ್ದಾಣದ ಓಡಾಟವನ್ನು ಟ್ಯಾಕ್ಸಿ ಕಂಪನಿಯೊಂದಕ್ಕೆ ಕೊಡುತ್ತಾರೆ ಎಂಬ ಸುದ್ದಿ ಆಗಲೇ ಹಬ್ಬಿತ್ತು. ವರ್ನೆಟ್ ವ್ಯಾನಿನ ಎರಡೂ ಕೀಲಿಕೈಯನ್ನು ಲಕೋಟೆಗೆ ಹಾಕಿಕೊಂಡೇ ಹೋದರು.

"ಆ ಪ್ರಶ್ನೆ ಹೇಳ್ಕೊಟ್ಟಿದ್ದು ನೀವೇ ತಾನೇ?" ಎಂದರು ಬ್ರೇಡನ್.

"ಹೌದು."

"ನಮಗೆಷ್ಟು ಖರ್ಚಾಯ್ತು ಗೊತ್ತಾ?"

"ಗೊತ್ತಿಲ್ಲ. ಹೇಳ್ಬೇಡಿ. ಇರೋ ಅಂಕಿಗಳೇ ಸಾಕಾಗಿದೆ ನಂಗೆ."

ಬ್ರೇಡನ್ ಮೇಜಿನ ಮೇಲಿದ್ದ ಕಾಗದದ ಕಟ್ಟು ಅವರತ್ತ ತಳ್ಳಿದರು. ಬಂದುಹೋದ ಕುಟುಂಬಗಳು ತುಂಬಿ ಕಳಿಸುವ ಹಾಳೆಗಳು. 'ಇಲ್ಲಿ ನೀವು ಹೆಚ್ಚು ನಂಬಿದ್ದು ಯಾರನ್ನು?' ಎಂಬ ಪ್ರಶ್ನೆಗೆ ನಲವತ್ತೊಂದರಲ್ಲಿ ಮೂವತ್ತನಾಲ್ಕು ಕುಟುಂಬಗಳು 'ವ್ಯಾನು ಓಡಿಸುವವರು' ಎಂದು ಬರೆದಿದ್ದವು. ಮುಖ್ಯ ತರಬೇತುದಾರರ ಹೆಸರು ಬರೆದಿದ್ದವರು ಮೂವರು.

"ಸಿಟ್ಟು ಬಂದಿತ್ತು, ಸುಳ್ಳು ಹೇಳಲ್ಲ," ಎನ್ನುತ್ತಾರೆ ಬ್ರೇಡನ್ ಈಗ. "ನಮಗಿಂತ ಜಾಸ್ತಿ ಕೊಡೋ ಕಾಲೇಜು ಯಾವತ್ತೂ ಇದ್ದೇ ಇರುತ್ತೆ. ಇಂಥವ್ರು ಅವರ ಹತ್ರ ಇಲ್ಲ. ಕಳಕೊಂಡ್ರೆ ದಡ್ಡತನ."

ಹನ್ನೊಂದು ಹುದ್ದೆಗಳ ಪಟ್ಟಿಯಲ್ಲಿ ವರ್ನೆಟ್ ಹೆಸರು ಬರಲಿಲ್ಲ. ಒಂದು ವರ್ಷದ ಮಟ್ಟಿಗೆ ಕೆಲಸ ಉಳಿಯಿತು, ಮುಂದಿನದು ಗೊತ್ತಿಲ್ಲ. ತಂಡದ ಬಟ್ಟೆ ಒಗೆಯುತ್ತಿದ್ದ ಲೂಥರ್ ಪ್ರುಯಿಟ್‌ಗೆ ಆ ಅದೃಷ್ಟವಿರಲಿಲ್ಲ. ಅವರನ್ನು ನಂಬಿದಿರಾ ಎಂದು ಯಾವ ಹಾಳೆಯೂ ಯಾರನ್ನೂ ಕೇಳಿರಲಿಲ್ಲ. ವರ್ನೆಟ್ ಇದನ್ನು ಎರಡು ಸಲ ಹೇಳುತ್ತಾರೆ, ಬರೆದುಕೊಂಡಿರಾ ಎಂದು ಇಣುಕಿಯೂ ನೋಡುತ್ತಾರೆ.

ಆ ದಿನ ಬ್ರೇಡನ್ ಇನ್ನೊಂದು ಮಾತು ತೆಗೆದರು. ವರ್ನೆಟ್ ಸ್ಟೀರಿಂಗ್ ಹಿಡಿದು ಕೂತಿರುವ ಒಂದು ವಿಡಿಯೋ ಮಾಡಿ, ಬರಲಿರುವ ಆಟಗಾರ್ತಿಯರಿಗೆಲ್ಲ ಕಳಿಸುವ ಯೋಚನೆ. ಅದಕ್ಕೆ ಐನೂರು ಡಾಲರ್ ಕೊಡುವುದಾಗಿಯೂ ಹೇಳಿದರು.

"ನನ್ನ ಮುಖಕ್ಕೂ ದುಡ್ಡಾ!" ಎಂದು ವರ್ನೆಟ್ ಕಚೇರಿಯವರೆಲ್ಲ ತಿರುಗಿ ನೋಡುವ ಹಾಗೆ ನಕ್ಕರಂತೆ. ಆಮೇಲೆ ಬೇಡ ಎಂದರು. ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ಬಾಯಿ ತೆರೆದು ಸಾರುವುದು ಅವರಿಗೆ ಸರಿಕಾಣಲಿಲ್ಲ.

"ಮತ್ತೆ ಏನು ಬೇಕು ನಿಮಗೆ? ಏನಾದ್ರೂ ಕೇಳಿ," ಎಂದರು ಬ್ರೇಡನ್.

ವರ್ನೆಟ್ ಕೇಳಿದರು. ವ್ಯಾನಿನ ಹಿಂಭಾಗದ ಹೀಟರ್ ಕೆಟ್ಟು ಆರು ಚಳಿಗಾಲವಾಗಿದೆ. ಆರು ಸಲ ಅರ್ಜಿ ಕೊಟ್ಟಿದ್ದಾರೆ.

"ಈಗ ಆ ಮಕ್ಕಳಿಗೆ ಬೆಲೆ ಇದೆಯಲ್ಲಪ್ಪ, ಈಗಲಾದ್ರೂ ಮಾಡಿಸ್ಕೊಡಿ," ಎಂದರಂತೆ. "ಬೆಲೆ ಇಲ್ಲದಿದ್ದಾಗ್ಲೂ ಅವಕ್ಕೆ ಚಳಿ ಆಗ್ತಿತ್ತು."