ಊರು ಕೇಳಿದ ಮೇಲೆ

ಮಧುಗಿರಿಯಲ್ಲಿ ಮಾನಸಿಕ ತೊಂದರೆಯಿರುವ ಪುಟ್ಟ ಮಕ್ಕಳ ಹೆತ್ತವರನ್ನು ಡಾಕ್ಟರ್ ಮೇಡಂ ಒಬ್ಬರು ಒಟ್ಟಿಗೆ ಕೂರಿಸಿ ಮಾತಾಡಿಸುತ್ತಾರೆಂದು ಹೋಗಿದ್ದೆ. ನನ್ನ ಮಗಳು ಸಿಟ್ಟು ಬಂದರೆ ರಕ್ತ ಬರುವಂತೆ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಾಳೆ. ಆಗ ನಾನೇನು ಮಾಡಬೇಕೆಂದು ಕೇಳುವುದಿತ್ತು.

ಶುರುವಾಗುವ ಮೊದಲೇ ಪಕ್ಕದ ಹೆಂಗಸು, "ಯಾವೂರಣ್ಣ ನಿಮ್ದು?" ಎಂದರು.

"ಕೊಳಾಲ ಕಣಮ್ಮ."

"ನಮ್ಮಕ್ಕನ್ನ ಕೊಟ್ಟಿರೋದೂ ಅಲ್ಲಿಗೇಯ."

ಮನೆಯಲ್ಲಿ ತಂಗಿಗೆ ಗಂಡು ನೋಡುತ್ತಿದ್ದೆವು. ಇಲ್ಲಿ ಆಡಿದ್ದು ಸಂಜೆಯೊಳಗೆ ಊರು ಮುಟ್ಟುತ್ತದೆ. ನನ್ನ ಸರದಿ ಬಂದಾಗ, "ಮಗು ಸರಿಯಾಗಿ ಊಟ ಮಾಡಲ್ಲ ಮೇಡಂ" ಎಂದೆ. ಆ ಹೆಂಗಸೂ ತಮ್ಮ ಮಗನ ಬಗ್ಗೆ ಅದನ್ನೇ ಹೇಳಿದರು.

"ಎಲ್ಲಾರ ಮಕ್ಳೂ ಊಟನೇ ಬುಟ್ಟವ್ರಾ?" ಎಂದು ಹಿಂದಿನಿಂದ ಯಾರೋ ಗೊಣಗಿದರು. ಮೇಡಂ ಊಟದ ಬಗ್ಗೆಯೇ ಮಾತಾಡಿ ಮುಗಿಸಿದರು.

ಮನೆಗೆ ಬಂದಾಗ ಹೆಂಡತಿ ಮಗಳ ಕೈಗೆ ಅರಿಶಿನ ಹಚ್ಚುತ್ತಿದ್ದಳು.

"ಏನಂದ್ರು?"

"ಸೊಪ್ಪು ತಿನ್ನಿಸ್ಬೇಕಂತೆ" ಎಂದೆ.