ಹಳ್ಳ ಹೊತ್ತೊಯ್ದ ಕುಸುಬಿ ಹೂ

ರಾಯಚೂರಿನ ನಮ್ಮ ಓಣಿಯಲ್ಲಿ ಯಾರಾದರೂ ಗೋಡೆಗೆ ಬಳಿಯಲು ಸುಣ್ಣದ ಹರಳು ನೆನೆಹಾಕಿದರೆ ಸಾಕು, ಆ ಬಿಸಿ ವಾಸನೆಗೆ ಜಾಲಹಳ್ಳಿಯಾಚೆಯ ನಮ್ಮ ಹಳ್ಳ ನೆನಪಾಗುತ್ತದೆ. ಅಲ್ಲಿ ನೆಲವೆಲ್ಲ ಸುಣ್ಣದ ಕಲ್ಲು. ಚೆನ್ನಾಗಿ ಹರಿದು ಬಂದ ಹಳ್ಳ ಅಜ್ಜಿಯ ಹೊಲದ ಬದುವಿನ ಹತ್ತಿರ ಬಂಡೆಯ ಬಾಯೊಳಗೆ ಗುಳುಗುಳು ಇಳಿದುಬಿಡುತ್ತಿತ್ತು. ಮುಂದೆ ಬರೀ ಗುಡ್ಡ, ಮುಳ್ಳುಕಂಟಿ. ಗುಡ್ಡದಾಚೆಯ ಊರಿನಲ್ಲಿ, ಗುಡಿಯ ಹಿಂದೆ, ಅದೇ ನೀರು ತಣ್ಣಗೆ ಮೇಲೆದ್ದು ಕೃಷ್ಣೆಯ ಕಡೆ ನಡೆಯುತ್ತಿತ್ತು. ಅಪ್ಪನ ತಂಗಿ ಗೌರತ್ತೆಯನ್ನು ಕೊಟ್ಟದ್ದು ಆ ಊರಿಗೆ.

ಮಗಳನ್ನು ಹಳ್ಳದ ಕೆಳಗೆ ಕೊಟ್ಟವರು ಅಮಾವಾಸ್ಯೆಯ ಬೆಳಿಗ್ಗೆ ಬಂಡೆಯ ಬಾಯಿಗೆ ಹೂ ಬಿಡುವುದು ನಮ್ಮಲ್ಲಿಯ ಪದ್ಧತಿ. ಮನೆಗೊಂದು ಬಗೆಯ ಹೂ, ನಮ್ಮದು ಒಣಗಿಸಿಟ್ಟ ಕುಸುಬಿ. ಅದು ಕೆಳಗೆ ತೇಲಿ ಬಂದರೆ ತವರು ಸುಖವಾಗಿದೆ ಎಂದರ್ಥ. ಬಾರದಿದ್ದರೆ ಮಗಳು ಕೈಯಲ್ಲಿದ್ದ ಕೆಲಸ ಬಿಟ್ಟು ತವರಿಗೆ ಹೊರಡುತ್ತಿದ್ದಳು. ಫೋನು ನಮ್ಮೂರನ್ನು ಇನ್ನೂ ಕಂಡಿರಲಿಲ್ಲ.

ಅಜ್ಜಿ ಹಾಸಿಗೆ ಹಿಡಿದಾಗ ಗೌರತ್ತೆ ಎರಡನೆಯದಕ್ಕೆ ತುಂಬು ಬಸುರಿ. ಅಮಾವಾಸ್ಯೆ ಬಂತು. ಅಪ್ಪ ಹೂ ಬಿಡಲು ಒಲ್ಲೆ ಎಂದ.

"ಬಿಟ್ಟು ಬಾರಪ್ಪಾ," ಎಂದಳು ಅಜ್ಜಿ. "ಹೂ ಕಾಣಲಿಲ್ಲಂದ್ರ ದಿನ ತುಂಬಿದಾಕಿ ಗುಡ್ಡ ಹತ್ತಿ ಓಡಿ ಬರತಾಳ."

"ಯವ್ವಾ, ಆಕಿ ನಿನ್ನ ಮುಖ ನೋಡೂದು ಬ್ಯಾಡೇನು?"

ಅಜ್ಜಿ ಗೋಡೆಯ ಕಡೆ ಹೊರಳಿದಳು. ಅಪ್ಪ ಹೋಗಿ ಹೂ ಬಿಟ್ಟು ಬಂದ. ಮರುದಿನ ಅಜ್ಜಿ ತೀರಿಹೋದಳು. ಸುದ್ದಿ ಮುಟ್ಟಿ, ಗೌರತ್ತೆ ಬಂಡಿಯಲ್ಲಿ ಬಂದಿಳಿಯುವಷ್ಟರಲ್ಲಿ ಮಣ್ಣೂ ಮುಗಿದಿತ್ತು. ಸೆರಗಿನ ಗಂಟು ಬಿಚ್ಚಿ ಇನ್ನೂ ಒದ್ದೆಯಾಗಿದ್ದ ಕುಸುಬಿ ತೋರಿಸಿದಳು. "ನಿನ್ನೆ ಹೂ ಬಂದಿತ್ತಲ್ಲೋ ಅಣ್ಣಾ," ಎಂದಳು. ಆ ಮನೆಯಲ್ಲಿ ನಾನು ಕಂಡ ದುಃಖಗಳಲ್ಲಿ ಅದೇ ದೊಡ್ಡದು.

ಅಂಥ ನೀರು ನಿಮ್ಮ ಕಡೆಯೂ ಇದ್ದು ಹೋಗಿದ್ದರೆ ನಿಮಗಿದು ತಿಳಿದೀತು. ಈಗ ಕಲ್ಲು ತೆಗೆದವರ ಪುಡಿಯೆಲ್ಲ ಬಿದ್ದು ಬಂಡೆಯ ಬಾಯಿ ಮುಚ್ಚಿದೆ. ಮೇಲೆ ಹೊಲದಲ್ಲಿ ಕೆಸರು, ಕೆಳಗೆ ಗುಡಿಯ ಹಿಂದೆ ಬಿಳಿ ಧೂಳು. ಅಜ್ಜಿಯ ಮನೆಯ ಕಂಬಗಳನ್ನೂ ಯಾರೋ ಮಾನ್ವಿಗೆ ಒಯ್ದರು. ಗೌರತ್ತೆಗೆ ಮಾತ್ರ ಅಜ್ಜಿ ಹೋದ ದಿನದಿಂದ ಯಾರ ಕ್ಷೇಮಸಮಾಚಾರದ ಮೇಲೂ ನಂಬಿಕೆಯಿಲ್ಲ. ಕಾಯಿಲೆ ಬಿದ್ದಿದ್ದ ಅಪ್ಪ ಹೋದ ವರ್ಷ ಫೋನಿನಲ್ಲಿ, "ಆರಾಮ ಅದೀನಿ, ಗೌರಿ," ಎಂದು ನಕ್ಕ. ಸಂಜೆಯೊಳಗೆ ಅವಳು ದೇವದುರ್ಗದ ಬಸ್ಸಿಳಿದು ನಮ್ಮ ಬಾಗಿಲಲ್ಲಿದ್ದಳು. "ಮುಖ ನೋಡಾಕ ಬಂದೀನಿ," ಎಂದು ಹಾಸಿಗೆಯ ಪಕ್ಕ ಕೂತಳು. ಬೆಳಗಾಗುವ ಹೊತ್ತಿಗೆ ಅಪ್ಪ ಹೋದಾಗ ಅವನ ಕೈ ಅವಳ ಕೈಯಲ್ಲೇ ಇತ್ತು.