ಖಾಲಿ ಬಿಟ್ಟ ಮರಣದ ದಿನಾಂಕ

ಶಿವಾಜಿನಗರದ ಆತಿಕಾ ಇಂದಿರಾನಗರದ ಸಣ್ಣ ಕಂಪನಿಯೊಂದರಲ್ಲಿ ಡಯಾಲಿಸಿಸ್ ಕೇಂದ್ರಗಳ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದಳು. ಆರು ವರ್ಷದಲ್ಲಿ ಅವಳ ಕೆಲಸದ ಮೇಲೆ ಒಂದು ದೂರೂ ಬಂದಿರಲಿಲ್ಲ. ಆ ಸೋಮವಾರ ಬೆಳಿಗ್ಗೆ ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣದ ಬಳಿಯ ಕೇಂದ್ರದ ಟೆಕ್ನಿಷಿಯನ್ ಮಾನಪ್ಪನ ಫೋನ್ ಬಂತು.

“ಮೇಡಂ, ಶನಿವಾರದ ಪಟ್ಟಿಯಲ್ಲಿ ನಾಲ್ಕು ಜನದ ಹೆಸರೇ ಇರ್ಲಿಲ್ಲ. ಮೂವರು ಜಗಳ ಆಡಿ ಮಷೀನ್ ಹಾಕಿಸ್ಕೊಂಡ್ರು. ಚಾಂದ್ ಬೀ ಅಂತ ವಯಸ್ಸಾದವ್ರೊಬ್ರು, ಸುಮ್ನೆ ಎದ್ದು ಹೋಗ್ಬಿಟ್ರು. ಈಗ ಫೋನೂ ಎತ್ತುತಿಲ್ಲ.”

ರೋಗಿಗಳ ವಿವರವಿರುವ ಎಕ್ಸ್‌ಎಂಎಲ್ ಫೈಲ್ ಓದುವ ಲೈಬ್ರರಿಯನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಮನ್ನು, ಶುಕ್ರವಾರ ಬದಲಾಯಿಸಿದವಳು ಆತಿಕಾಳೇ. ಆ ನಾಲ್ವರ ಫೈಲ್ ತೆರೆದಳು. ಮರಣದ ದಿನಾಂಕ ತುಂಬುವ ಅಂಕಣದ ಟ್ಯಾಗ್ ಇತ್ತು, ಒಳಗೆ ಏನೂ ಇರಲಿಲ್ಲ. ಇದ್ದರೂ ಸರಿ, ಬಿಟ್ಟರೂ ಸರಿ ಎನ್ನುವಂಥ ಟ್ಯಾಗ್ ಅದು; ಉಳಿದ ರೋಗಿಗಳ ಫೈಲಿನಲ್ಲಿ ಇರಲೇ ಇಲ್ಲ. ಖಾಲಿಯಿದ್ದರೆ ಹಳೆಯ ಲೈಬ್ರರಿ ‘ಇಲ್ಲ’ ಎಂದು ಬಿಟ್ಟುಬಿಡುತ್ತಿತ್ತು. ಹೊಸದು ‘ಇದೆ’ ಎಂದು ಖಾಲಿ ದಿನಾಂಕವನ್ನೇ ಕೊಡುತ್ತಿತ್ತು. ದಿನಾಂಕ ಇದೆಯೇ ಎಂದಷ್ಟೇ ಕೇಳುವ ಅವಳ ಪ್ರೋಗ್ರಾಮು ಬದುಕಿದ್ದ ನಾಲ್ವರನ್ನು ಸತ್ತವರ ಸಾಲಿಗೆ ಸೇರಿಸಿತ್ತು.

ಹಳೆಯ ಲೈಬ್ರರಿಯನ್ನು ಮತ್ತೆ ಕೂರಿಸಿ, ಚಾಂದ್ ಬೀಯ ವಿಳಾಸ ಬರೆದುಕೊಂಡು ಆಟೋ ಹಿಡಿದಳು. ಹಲಸೂರಿನ ಸಿಗ್ನಲ್ಲಿನಲ್ಲಿ ಗಾಡಿ ಅಲ್ಲಾಡಲಿಲ್ಲ. ಇಳಿದು ಓಡಲೇ ಅನ್ನಿಸಿತು.

ಲಿಂಗರಾಜಪುರದ ಮನೆಯಲ್ಲಿ ಮಗಳು ರುಕ್ಸಾರ್ ಬಾಗಿಲು ತೆಗೆದಳು. ಡಯಾಲಿಸಿಸ್ ಕೇಂದ್ರದ ಕಡೆಯವಳು ಎಂದಾಗ ಒಳಗೆ ಕರೆದಳು. ಒಳಗೆ ಚಾಂದ್ ಬೀ ಗೋಡೆಗೆ ಒರಗಿ ಕೂತಿದ್ದರು. ಮುಖ ಊದಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು.

“ನೀವು ಜಗಳ ಆಡ್ಬೇಕಿತ್ತು,” ಎಂದಳು ಆತಿಕಾ.

“ಹೆಸ್ರಿಲ್ಲ ಅಂದ್ರು ಬೇಟಿ. ನನ್ ಸರದಿ ಮುಗೀತು ಅಂದ್ಕೊಂಡೆ.”

ಆತಿಕಾ, ರುಕ್ಸಾರ್ ಇಬ್ಬರೂ ಸೇರಿ ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸಿ ಆಸ್ಪತ್ರೆಗೆ ಒಯ್ದರು. ಚಾಂದ್ ಬೀ ಎರಡು ದಿನ ವೆಂಟಿಲೇಟರಿನಲ್ಲಿದ್ದರು. ಹನ್ನೊಂದನೆಯ ದಿನ ಮನೆಗೆ ಬಂದರಾದರೂ ಆಸರೆಯಿಲ್ಲದೆ ನಾಲ್ಕು ಹೆಜ್ಜೆ ಹಾಕಲಾಗದಷ್ಟು ಸೋತಿದ್ದರು.

“ಲೈಬ್ರರಿ ತಪ್ಪು ಅಂತ ಬರಿಯಮ್ಮ, ಸಾಕು,” ಎಂದರು ಕಂಪನಿಯ ಮ್ಯಾನೇಜರ್ ಶ್ರೀನಿವಾಸ್. ಆತಿಕಾ ವರದಿಯಲ್ಲಿ ಹಾಗೆ ಬರೆಯಲಿಲ್ಲ. ಖಾಲಿ ಟ್ಯಾಗ್ ಇಟ್ಟು ಪರೀಕ್ಷಿಸದೆ ಬದಲಾಯಿಸಿದ್ದು ನಾನೇ ಎಂದು ಬರೆದು ಕೊಟ್ಟಳು. ಅದೇ ಮಾತು ಹೇಳಲು ಮತ್ತೆ ಲಿಂಗರಾಜಪುರಕ್ಕೆ ಹೋದಳು.

ರುಕ್ಸಾರ್ ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

“ಅಮ್ಮಿಗೆ ಇದನ್ನ ಹೇಳ್ಬೇಡಿ,” ಎಂದಳು. “ಸತ್ತೋರ ಲೆಕ್ಕಕ್ಕೆ ಸೇರಿಸಿದ್ರು ಅಂತ ಗೊತ್ತಾದ್ರೆ ಇನ್ನು ಡಯಾಲಿಸಿಸ್ ಕಡೆ ಕಾಲಿಡಲ್ಲ.”

ಬಾಗಿಲು ಮುಚ್ಚಿತು. ಚಾಂದ್ ಬೀಯಲ್ಲಿ ಕೇಳಬೇಕೆಂದಿದ್ದ ಕ್ಷಮೆಯನ್ನು ಕೇಳದೆಯೇ ಆತಿಕಾ ಮೆಟ್ಟಿಲಿಳಿದಳು.